ಡಿಎನ್‌ಆರ್ ಹಾಳೆಗೆ ಸಹಿ ಹಾಕುವ ಮೊದಲು ಹಾಸಿಗೆಯಲ್ಲಿರುವವರನ್ನು ಕೇಳಿ

ಡಿಎನ್‌ಆರ್ (ಡು ನಾಟ್ ರಿಸಸಿಟೇಟ್) ಅಂದರೆ ಹೃದಯ ಅಥವಾ ಉಸಿರು ನಿಂತಾಗ ಸಿಪಿಆರ್ ಮಾಡಬೇಡಿ ಎಂಬ ಆದೇಶ, ಅಷ್ಟೇ. ನಿಮಿಷಕ್ಕೆ 100ರಿಂದ 120 ಸಲ, 5–6 ಸೆಂ.ಮೀ. ಆಳಕ್ಕೆ ಎದೆ ಒತ್ತುವುದು, ಶಾಕ್ ಕೊಡುವುದು, ಜೊತೆಗೆ ಗಂಟಲಿಗೆ ಟ್ಯೂಬ್ ಇಳಿಸುವುದು ಸಿಪಿಆರ್‌ನ ವ್ಯಾಪ್ತಿ. ಆಂಟಿಬಯೋಟಿಕ್, ಡ್ರಿಪ್, ಆಕ್ಸಿಜನ್, ನೋವಿನ ಮದ್ದು ಯಾವುದನ್ನೂ ಡಿಎನ್‌ಆರ್ ನಿಲ್ಲಿಸುವುದಿಲ್ಲ. ಆದರೂ ಕೇಸ್ ಶೀಟಿನ ಮೇಲೆ ಆ ಮೂರಕ್ಷರ ಬಿದ್ದ ಮೇಲೆ ರೌಂಡ್ಸ್‌ನಲ್ಲಿ ಆ ಹಾಸಿಗೆಯ ಮುಂದೆ ನಿಲ್ಲುವ ಹೊತ್ತು ಕಡಿಮೆಯಾಗುತ್ತದೆ. ಹಾಗಾಗಿ ಮಾಡಬಾರದ್ದನ್ನು ಬರೆದ ಹಾಳೆಯಲ್ಲೇ ಯಾವ ಚಿಕಿತ್ಸೆ ಮುಂದುವರಿಯಬೇಕು ಎಂಬುದನ್ನೂ ಬರೆಸಿಕೊಳ್ಳಿ.

ನಮ್ಮಲ್ಲಿ ಈ ಮಾತು ನಡೆಯುವುದು ಐಸಿಯು ಹೊರಗೆ, ಮಕ್ಕಳ ಜೊತೆ. "ಅಪ್ಪನಿಗೆ ಹೇಳಬೇಡಿ ಡಾಕ್ಟ್ರೇ, ಹೆದರಿಬಿಡ್ತಾರೆ" ಅನ್ನುವುದು ಪ್ರೀತಿಯಿಂದಲೇ. ಆದರೆ ಅಪ್ಪನಿಗೆ ಪ್ರಜ್ಞೆ ಇದ್ದು ಮಾತು ಅರ್ಥವಾಗುತ್ತಿದ್ದರೆ ಒಪ್ಪಿಗೆ ಅವರದೇ. ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2008ರಲ್ಲೇ ಇದನ್ನು ಸ್ಪಷ್ಟಪಡಿಸಿತು: ಅರಿವಳಿಕೆಯಲ್ಲಿದ್ದ ಮಗಳ ಪರವಾಗಿ ತಾಯಿ ಕೊಟ್ಟ ಒಪ್ಪಿಗೆ ಸಲ್ಲಲಿಲ್ಲ, ಏಕೆಂದರೆ ಮಗಳು ವಯಸ್ಕಳು, ತುರ್ತಿನ ಸ್ಥಿತಿಯೂ ಇರಲಿಲ್ಲ, ಎಚ್ಚರವಾದ ಮೇಲೆ ಅವಳನ್ನೇ ಕೇಳಬಹುದಿತ್ತು.

ಕೇಳುವುದಕ್ಕೂ ಕ್ರಮವಿದೆ. ವಯಸ್ಸಾದವರಲ್ಲಿ ಮೂತ್ರದ ಸೋಂಕು, ಸೋಡಿಯಂ ಇಳಿತ, ನಿದ್ದೆಯ ಮಾತ್ರೆ ಇವೆಲ್ಲ ತಾತ್ಕಾಲಿಕ ಗೊಂದಲ ತರುತ್ತವೆ. ಸಂಜೆ ಹೊತ್ತಿಗೆ ಅದು ಹೆಚ್ಚು. ಸಂಜೆ ಆರಕ್ಕೆ ನೋಡಿ "ಇವರಿಗೆ ತಿಳಿಯುವುದಿಲ್ಲ" ಎಂದು ತೀರ್ಮಾನಿಸಬೇಡಿ. ಕಾರಣಕ್ಕೆ ಮದ್ದು ಕೊಟ್ಟು, ಮರುದಿನ ಬೆಳಿಗ್ಗೆ ಕನ್ನಡಕ ಹಾಕಿಸಿ, ಶ್ರವಣಯಂತ್ರದ ಬ್ಯಾಟರಿ ನೋಡಿ, ಟಿ.ವಿ. ಆರಿಸಿ, ಪಕ್ಕದಲ್ಲಿ ಕೂತು ಮಾತಾಡಿ. "ಎಲ್ಲಾ ಮಾಡಬೇಕಾ?" ಅಂದರೆ ಯಾರಾದರೂ ಹೂಂ ಅನ್ನುತ್ತಾರೆ. ಹೀಗೆ ಕೇಳಿ: "ಅಮ್ಮ, ಹೃದಯ ನಿಂತರೆ ಎದೆ ಜೋರಾಗಿ ಒತ್ತಬೇಕಾಗುತ್ತೆ. ಪಕ್ಕೆಲುಬು ಮುರಿಯಬಹುದು. ಉಳಿದರೂ ಮಷೀನ್ ಮೇಲೆ ಇರಬೇಕಾಗಬಹುದು. ನಿಮ್ಮ ಈ ಕಾಯಿಲೆಯಲ್ಲಿ ಅದರಿಂದ ಉಪಯೋಗ ಇಷ್ಟು. ನಿಮಗೆ ಬೇಕಾ?" ಆಮೇಲೆ ಅವರಿಗೆ ತಿಳಿದದ್ದನ್ನು ಅವರ ಮಾತಲ್ಲೇ ಹೇಳಿಸಿ. ಒಂದೇ ಸಲಕ್ಕೆ ಮುಗಿಸಬೇಡಿ. ಮಾರನೆಯ ದಿನವೂ ಅದೇ ಉತ್ತರ ಬಂದರೆ ಭರವಸೆ ಇಡಬಹುದು.

ಅಂಗವಿಕಲರ ವಿಷಯದಲ್ಲಿ ಅನ್ಯಾಯ ಇನ್ನೂ ಸಲೀಸು. ಪಾರ್ಶ್ವವಾಯುವಿನಿಂದ ಮಾತು ನಿಂತವರಿಗೆ ಹೌದು–ಇಲ್ಲ ಕಾರ್ಡು ಅಥವಾ ಚಿತ್ರ ಸಾಕಾಗಬಹುದು. ಕಿವುಡರಿಗೆ ಮನೆಯವರಲ್ಲದ ಸಂಜ್ಞಾಭಾಷೆಯ ದುಭಾಷಿ ಬೇಕು. ಸೆರೆಬ್ರಲ್ ಪಾಲ್ಸಿ (ಮಿದುಳಿನ ತೊಂದರೆಯಿಂದ ಸ್ನಾಯುಗಳ ಹಿಡಿತ ತಪ್ಪುವ ಸ್ಥಿತಿ) ಇರುವವರ ಮಾತು ತೊದಲಿದರೆ ಬುದ್ಧಿಯೂ ತೊದಲುತ್ತದೆ ಎಂದಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 13ನೇ ಸೆಕ್ಷನ್ ಅವರಿಗೆ ಎಲ್ಲರಂತೆ ಕಾನೂನು ಸಾಮರ್ಥ್ಯವನ್ನು ಕೊಡುತ್ತದೆ. ಕೋವಿಡ್ ಕಾಲದಲ್ಲಿ ಬ್ರಿಟನ್ನಿನ ಕೆಲವೆಡೆ ಕೇರ್ ಹೋಂಗಳ ವೃದ್ಧರಿಗೂ ಬೌದ್ಧಿಕ ಅಂಗವೈಕಲ್ಯ ಇರುವವರಿಗೂ ಅವರನ್ನು ಕೇಳದೆಯೇ ಇಂಥ ಆದೇಶ ಬರೆದದ್ದು ದೊಡ್ಡ ವಿವಾದವಾಯಿತು. ಗಾಲಿಕುರ್ಚಿಯಾಗಲಿ ಎಂಬತ್ತು ದಾಟಿದ ವಯಸ್ಸಾಗಲಿ ಕಾರಣವಾಗಿ ಹಾಳೆಯ ಮೇಲೆ ಇರಕೂಡದು. ಕಾರಣ ಕಾಯಿಲೆಯ ಸ್ಥಿತಿಯೇ ಆಗಿರಬೇಕು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ಡಿಎನ್‌ಆರ್‌ಗೆಂದೇ ಮಾರ್ಗಸೂಚಿ ಹೊರತಂದಿದೆ. ಬಾಯಿಮಾತಿನ ಆದೇಶ ರಾತ್ರಿ ಪಾಳಿಯ ನರ್ಸಿಗೆ ತಲುಪುವುದಿಲ್ಲ. ಅವರು ಸಿಪಿಆರ್ ಶುರುಮಾಡುತ್ತಾರೆ, ಹಾಗೆ ಮಾಡುವುದೇ ಸರಿ. ಆದ್ದರಿಂದ ಯಾರೊಂದಿಗೆ ಏನು ಮಾತಾಯಿತು, ಯಾಕೆ ಎಂಬುದೆಲ್ಲ ದಿನಾಂಕ, ವೇಳೆ, ಚಿಕಿತ್ಸೆ ಕೊಡುವ ವೈದ್ಯರ ಸಹಿಯೊಂದಿಗೆ ಕೇಸ್ ಶೀಟಿನಲ್ಲಿರಬೇಕು. ಸ್ಥಿತಿ ಬದಲಾದಾಗ, ಆಪರೇಷನ್‌ಗೆ ಮುಂಚೆ, ಬೇರೆ ಆಸ್ಪತ್ರೆಗೆ ಹೋದಾಗ ಮತ್ತೆ ಮಾತಾಡಬೇಕು.

ಮುಂದೆ ಮಾತಾಡಲಾಗದ ದಿನ ಬಂದರೆ ಎನ್ನುವವರಿಗೆ ಮುಂಗಡ ವೈದ್ಯಕೀಯ ನಿರ್ದೇಶನ ಇದೆ, ಅಂದರೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಮೊದಲೇ ಬರೆದಿಡುವ ಪತ್ರ. ಕಾಮನ್ ಕಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ 2018ರ ತೀರ್ಪು ಅದಕ್ಕೆ ದಾರಿ ಮಾಡಿಕೊಟ್ಟಿತಾದರೂ ಮ್ಯಾಜಿಸ್ಟ್ರೇಟರ ಸಹಿ ಕೇಳಿದ್ದರಿಂದ ಬಳಸುವುದೇ ಕಷ್ಟವಾಗಿತ್ತು. 2023ರ ಜನವರಿಯಿಂದ ಇಬ್ಬರು ಸಾಕ್ಷಿಗಳ ಮುಂದೆ ಸಹಿ ಹಾಕಿ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಸಾಕು. ನಿಮ್ಮ ಪರ ನಿರ್ಧರಿಸುವ ಇಬ್ಬರನ್ನಾದರೂ ಹೆಸರಿಸಿ, ಅವರಿಗೆ ಮೊದಲೇ ವಿಷಯ ತಿಳಿಸಿ. ಜೀವರಕ್ಷಕ ಚಿಕಿತ್ಸೆ ನಿಲ್ಲಿಸುವ ಮುನ್ನ ತಲಾ ಕನಿಷ್ಠ ಮೂವರು ವೈದ್ಯರ ಎರಡು ಮಂಡಳಿಗಳು ಒಪ್ಪಬೇಕು. ಪ್ರತಿ ಮಂಡಳಿಯೂ ಸಾಧ್ಯವಾದಷ್ಟು 48 ಗಂಟೆಯೊಳಗೆ ಅಭಿಪ್ರಾಯ ಕೊಡಬೇಕು. ಇದಕ್ಕಾಗಿ ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿ 30ರಂದು ಸುತ್ತೋಲೆ ಹೊರಡಿಸಿತು. ನಿಮ್ಮ ಆಸ್ಪತ್ರೆಗೆ ಅದು ಗೊತ್ತಿಲ್ಲದಿದ್ದರೆ ಪ್ರತಿ ಒಯ್ದು ತೋರಿಸಿ.

ಬರೆದದ್ದನ್ನು ಬ್ಯಾಂಕ್ ಲಾಕರಿನಲ್ಲಿ ಇಡಬೇಡಿ. ಒಂದು ಪ್ರತಿ ಮನೆ ಡಾಕ್ಟರ ಬಳಿ, ಒಂದು ಹೆಸರಿಸಿದವರ ಬಳಿ, ಇನ್ನೊಂದು ಔಷಧಿ ಚೀಟಿಗಳ ಫೈಲಿನಲ್ಲಿ ಇರಲಿ. ಮನಸ್ಸು ಬದಲಾದರೆ ಯಾವಾಗ ಬೇಕಾದರೂ ಬರಹದಲ್ಲೇ ಹಿಂತೆಗೆದುಕೊಳ್ಳಬಹುದು. ಆಗ ಹಳೆಯ ಪ್ರತಿಗಳನ್ನೆಲ್ಲ ವಾಪಸ್ ಪಡೆದು ಹರಿದುಹಾಕಿ.