ಚಿಂದವ್ವನ ಮನೆಗೆ ಹೋದ ದಿನ

ಅದು 1994. ನಾನು ಐದನೇ ಕ್ಲಾಸು. ಬಾಗಲಕೋಟೆ ಆಗಿನ್ನೂ ವಿಜಾಪುರ ಜಿಲ್ಲೆಯಲ್ಲೇ ಇತ್ತು. ನಮ್ಮ ಶಾಲೆಯ ಪುಸ್ತಕಗಳೆಲ್ಲ ಒಂದು ಕಬ್ಬಿಣದ ಟ್ರಂಕಿನಲ್ಲಿರುತ್ತಿದ್ದವು. ಶನಿವಾರ ಅದನ್ನು ತೆಗೆದರೆ ನನ್ನ ಕೈ ಹೋಗುತ್ತಿದ್ದುದು ನಾಲ್ಕೇ ಪುಸ್ತಕಗಳಿಗೆ. ಒಂದೊಂದೂ 16 ಪುಟ, ನಡುವೆ ಎರಡು ಪಿನ್ನು.

ನಾಲ್ಕರಲ್ಲೂ ಇದ್ದವಳು ಚಿಂದವ್ವ. ಬಟ್ಟೆಯ ಗೊಂಬೆ. ಮಾತು ಕಡಿಮೆ, ಚಿತ್ರ ಜಾಸ್ತಿ. ಒಂದು ಕಥೆಯಲ್ಲಿ ಎಳ್ಳ ಅಮಾವಾಸ್ಯೆಗೆ ಮನೆಯವರು ಚರಗ ಚೆಲ್ಲಲು, ಅಂದರೆ ಭೂಮಿತಾಯಿಗೆ ಎಡೆ ಕೊಡಲು, ಹೊಲಕ್ಕೆ ಹೊರಡುತ್ತಾರೆ. ಚಿಂದವ್ವ ರೊಟ್ಟಿ ಬುಟ್ಟಿಯಲ್ಲಿ ಕೂತು ಹೋಗುತ್ತಾಳೆ, ತಿರುಗಿ ಬರುವಾಗ ಅಲ್ಲೇ ಉಳಿದುಬಿಡುತ್ತಾಳೆ. ರಾತ್ರಿ ಹಕ್ಕಿ ಕಾಯುವ ಅಟ್ಟದ ಮೇಲೆ ಒಬ್ಬಳೇ ಕೂತಿರುವ ಆ ಪುಟ ಈಗಲೂ ನನ್ನ ಕಣ್ಣಿಗೆ ಕಟ್ಟಿದಂತಿದೆ. ಸುತ್ತ ಜೋಳದ ತೆನೆ, ಮೇಲೆ ಕಪ್ಪು ಆಕಾಶ, ಅವಳ ಗುಲಗಂಜಿ ಕಣ್ಣು ಮಾತ್ರ ಕೆಂಪು. ಆ ಕೆಂಪು ಗೆರೆಯೊಳಗೆ ನಿಲ್ಲದೆ ಚೂರು ಬಲಕ್ಕೆ ಸರಿದಿತ್ತು. ಮನೆಯ ದಾರಿ ನೋಡುತ್ತಿದ್ದಾಳೆ ಅಂತ ನಾನು ತಿಳಿದಿದ್ದೆ.

ಮುಂದಿನ ಪುಟದಲ್ಲಿ ಅವಳು ಮನೆಯಲ್ಲಿದ್ದಾಳೆ. ಹೇಗೆ ಬಂದಳು? ಅದೇ ಇಲ್ಲ. ಕೊನೆಯಲ್ಲಿ ಬರೆದವರ ವಿಳಾಸ ಇತ್ತು, ಅದೂ ನಮ್ಮೂರಿನದೇ! ಕಥೆ ಬರೆಯುವವರು ದೂರದ ಊರಿನಲ್ಲೇ ಇರುತ್ತಾರೆ ಅಂದುಕೊಂಡಿದ್ದವಳು ನಾನು. 15 ಪೈಸೆಯ ಕಾರ್ಡು ತಂದು, "ಚಿಂದವ್ವನ್ನ ಯಾರು ಕರ್ಕೊಂಡು ಬಂದ್ರು?" ಅಂತ ಕೇಳಿ ಡಬ್ಬಿಗೆ ಹಾಕಿದೆ. ಉತ್ತರ ಬಂತು. "ಮಂಗಳವಾರ ಸಂಜಿಕೆ ಬಾ."

ಅದು ಆಷಾಢದ ಮಂಗಳವಾರ. ಮಣ್ಣೆತ್ತಿನ ಅಮಾವಾಸ್ಯೆ ಕಳೆದ ಮೇಲೆ ನಮ್ಮ ಕಡೆ ಮಣ್ಣಿನ ಗುಳ್ಳವ್ವನನ್ನು ಮಾಡಿ, ಗುಲಗಂಜಿ, ಕುಸುಬಿ ಕಾಳು ಚುಚ್ಚಿ ಸಿಂಗಾರ ಮಾಡುತ್ತೇವಲ್ಲ, ಆ ದಿನ. ಉಗುರಿನ ಸಂದಿಯಲ್ಲಿ ಇನ್ನೂ ಮಣ್ಣಿತ್ತು. ಹಾಗೇ ಅವ್ವನ ಕೈ ಹಿಡಿದು ಹೋದೆ.

ಅವರು ನಿವೃತ್ತರಾದ ಕನ್ನಡ ಶಾಲೆ ಅಕ್ಕೋರು. ಕಟ್ಟೆಯ ಮೇಲೆ ಕೂರಿಸಿ, ಮೊದಲು ಚಿಂದವ್ವನನ್ನೇ ನನ್ನ ಮಡಿಲಿಗೆ ಕೊಟ್ಟರು. ಗೇಣುದ್ದ ಇದ್ದಳು. ಉಟ್ಟಿದ್ದು ಅಕ್ಕೋರ ತಾಯಿಯ ಹಳೇ ಇಳಕಲ್ ಸೀರೆಯ ತುಂಡು. "ಇಲ್ಲಿ ನೋಡು ತಂಗಿ, ಕೊಂಡಿ," ಅಂತ ಸೀರೆಯ ಮೈಯೂ ಸೆರಗೂ ಕೂಡುವ ಕಡೆ ನನ್ನ ಬೆರಳು ಹಿಡಿದು ಮುಟ್ಟಿಸಿದರು. ಮೈಯ ನೂಲಿನ ಕುಣಿಕೆಯೊಳಗೆ ಸೆರಗಿನ ರೇಷ್ಮೆಯ ಕುಣಿಕೆ. ಹೊಲಿಗೆಯಲ್ಲ, ಒಂದನ್ನೊಂದು ಹಿಡಿದುಕೊಂಡಿರುವುದು.

ಸರಿದ ಕೆಂಪಿನ ಬಗ್ಗೆ ಕೇಳಿದೆ. ಕಪ್ಪಿಗೊಂದು ಅಚ್ಚಿನ ಬ್ಲಾಕು, ಕೆಂಪಿಗೊಂದು ಬ್ಲಾಕು, ಒಂದೇ ಹಾಳೆ ಎರಡು ಸಲ ಮಷೀನಿಗೆ ಹೋಗಬೇಕು, ಕೂದಲೆಳೆಯಷ್ಟು ಅಲುಗಿದರೂ ಬಣ್ಣ ಸರಿಯುತ್ತದೆ ಅಂದರು. ದಾರಿ ನೋಡುತ್ತಿದ್ದಾಳೆ ಅಂದುಕೊಂಡಿದ್ದೆ ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಹಂಗ ಇರ್ಲಿ. ನಿಂದ ಖರೇ."

"ಅಕ್ಕೋರ, ಚಿಂದವ್ವನ್ನ ಮಣ್ಣಿಂದ ಯಾಕ ಮಾಡ್ಲಿಲ್ರಿ?"

"ಮಣ್ಣಿಂದು ಆದ್ರ ನೀರಿಗೆ ಬಿಡಬೇಕಾಗ್ತದ. ಅರಿಬಿದು ಆದ್ರ ಮನ್ಯಾಗ ಇರ್ತದ."

ಕಾರ್ಡಿನ ಪ್ರಶ್ನೆಗೆ ಉತ್ತರ ಹೇಳಲೇ ಇಲ್ಲ. "ಯಾರು ಕರ್ಕೊಂಡು ಬಂದಿರಬೇಕು? ನೀನ ಹೇಳು." ನನಗೆ ಹೊಳೆದಿದ್ದು ಒಂದೇ ಹೆಸರು: ಗುಳ್ಳವ್ವ. ಅಕ್ಕೋರು ಅಲ್ಲೇ ಪೆನ್ಸಿಲ್ ತಗೊಂಡು ಬಿಡಿಸಿದರು. ಜೋಳದ ಸಾಲಿನ ನಡುವೆ ಗುಳ್ಳವ್ವ ಮುಂದೆ, ಅವಳ ಕೈ ಹಿಡಿದು ಚಿಂದವ್ವ ಹಿಂದೆ. ಮಕ್ಕಳ ಕಥೆಯಲ್ಲಿ ಎಲ್ಲವನ್ನೂ ಹೇಳಿ ಮುಗಿಸಬಾರದು ಅಂತ ನಾನು ಗಟ್ಟಿಯಾಗಿ ನಂಬುವುದು ಆ ಸಂಜೆಯಿಂದಲೇ.

ಆಮೇಲೆ ಮಂಗಳವಾರ ಅಂದರೆ ಅಕ್ಕೋರ ಮನೆ. ಅವರಿಗೆ ಅರವತ್ತು ದಾಟಿತ್ತು, ನನಗೆ ಹತ್ತು. ಆದರೂ ಗೆಳತಿಯರೇ. ಹೊಸ ಚಿತ್ರ ಬಿಡಿಸಿದರೆ ಮೊದಲು ನನಗೆ ತೋರಿಸುತ್ತಿದ್ದರು, ಇಷ್ಟವಾಗದಿದ್ದರೆ ಹೇಳು ಅನ್ನುತ್ತಿದ್ದರು. ನಾನು ಹೇಳುತ್ತಿದ್ದೆ, ಅವರು ಅಳಿಸುತ್ತಿದ್ದರು.

ಕೆಲವು ವರ್ಷಗಳಲ್ಲಿ ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಅವರ ಓಣಿ ಮುಳುಗಡೆಯಾಯಿತು. ನವನಗರಕ್ಕೆ ಸಾಮಾನು ಸಾಗಿಸುವ ದಿನ ಟೆಂಪೋದಲ್ಲಿ ಚಿಂದವ್ವ ನನ್ನ ಮಡಿಲಲ್ಲೇ ಇದ್ದಳು. ಅಕ್ಕೋರು ಹಳೇ ಮನೆಯ ಕಡೆ ತಿರುಗಿ ನೋಡಲಿಲ್ಲ. ಹೊಸ ಮನೆಯಲ್ಲಿ ಟ್ರಂಕು ಬಿಚ್ಚಿದಾಗ ಆ ಪೆನ್ಸಿಲ್ ಚಿತ್ರ ಸಿಕ್ಕಿತು. "ಇದು ನಿಂದು" ಅಂತ ಕೊಟ್ಟು, ಜೊತೆಗೆ ಒಂದು ಕೆಂಪು ಪೆನ್ಸಿಲನ್ನೂ ಇಟ್ಟರು. ಇಬ್ಬರ ಕಣ್ಣಿಗೂ ಅಲ್ಲೇ ಕೂತು ಬಣ್ಣ ತುಂಬಿದೆ, ಗೆರೆಯಿಂದ ಚೂರು ಬಲಕ್ಕೆ ಸರಿಸಿ.