ಸ್ವೀಡನ್ನಿನಲ್ಲಿ ಮೋಜು, ನಾರ್ವೆಯಲ್ಲಿ ನೆಮ್ಮದಿ: ‘ರೂಲಿಗ್’ ಎಂಬ ಒಂದೇ ಪದ

2000ದಲ್ಲಿ ಓರೆಸುಂಡ್ ಸೇತುವೆ ತೆರೆದ ಮೇಲೆ ಸ್ವೀಡನ್ನಿನ ಮಾಲ್ಮೋದಲ್ಲಿ ಮನೆ ಮಾಡಿಕೊಂಡು ಡೆನ್ಮಾರ್ಕಿನ ಕೋಪನ್‌ಹೇಗನ್ನಿಗೆ ರೈಲಿನಲ್ಲಿ ಕೆಲಸಕ್ಕೆ ಹೋಗಿಬರುವುದು ಮಾಮೂಲಾಗಿದೆ. ಹೀಗೆ ಓಡಾಡುವವರು ಎಚ್ಚರದಿಂದ ಬಳಸಬೇಕಾದ ಗುಣವಾಚಕ ‘ರೂಲಿಗ್’. ಸೋಮವಾರ ಆಫೀಸಿನಲ್ಲಿ ‘ವೀಕೆಂಡ್ ಹೇಗಿತ್ತು?’ ಎಂದು ಕೇಳಿದಾಗ ಸ್ವೀಡಿಷ್ ಕಲಿತವರು ಈ ಪದ ಹೇಳಿದರೆ, ಅವರ ಮನಸ್ಸಿನಲ್ಲಿರುವುದು ‘ತುಂಬ ಮಜವಾಗಿತ್ತು’. ಎದುರಿಗಿರುವ ಡೇನಿಷ್ ಸಹೋದ್ಯೋಗಿಗೆ ಅರ್ಥವಾಗುವುದು ‘ಗಲಾಟೆಯಿಲ್ಲದೆ ಆರಾಮವಾಗಿ ಕಳೆಯಿತು’. ಎರಡೂ ಆ ಮಾತಿಗೆ ಹೊಂದುತ್ತವೆ, ಹಾಗಾಗಿ ಯಾರೂ ತಿದ್ದುವುದಿಲ್ಲ. ಈ ತಪ್ಪು ವರ್ಷಗಟ್ಟಲೆ ಉಳಿದುಬಿಡುವುದು ಅದಕ್ಕೇ.

ಪದದ ಬೇರು ಈ ಭಾಷೆಗಳ ಪೂರ್ವಜವಾದ ಹಳೆಯ ನಾರ್ಸ್ ಭಾಷೆಯ ‘ರೋ’, ಅಂದರೆ ನೆಮ್ಮದಿ, ವಿಶ್ರಾಂತಿ. ಜರ್ಮನ್ನಿನ ‘ರೂಹೆ’ ಇದರ ದಾಯಾದಿ. ಅದಕ್ಕೆ ‘ಲಿಗ್’ ಪ್ರತ್ಯಯ ಸೇರಿದರೆ ‘ನೆಮ್ಮದಿಯ’ ಎಂಬ ಗುಣವಾಚಕ. ನಾರ್ವೆ, ಡೆನ್ಮಾರ್ಕ್, ಐಸ್‌ಲ್ಯಾಂಡ್, ಫೆರೋ ದ್ವೀಪಗಳಲ್ಲಿ ಅರ್ಥ ಅಲ್ಲೇ ನಿಂತಿತು. ಸ್ವೀಡನ್ನಿನಲ್ಲಿ ಮಾತ್ರ ನೆಮ್ಮದಿ ಕೊಡುವುದು ಮನಸ್ಸಿಗೆ ಹಿತವಾದದ್ದಾಗಿ, ಹಿತವಾದದ್ದು ಮೋಜಿನದಾಗಿ, ಕೊನೆಗೆ ನಗು ತರಿಸುವಂಥದ್ದೂ ಆಯಿತು. ನಮಗಿದು ಹೊಸದೇನಲ್ಲ. ‘ಅವಸರ’ ನಮ್ಮಲ್ಲಿ ಗಡಿಬಿಡಿ, ಗಡಿ ದಾಟಿ ತೆಲುಗಿಗೆ ಹೋದರೆ ಅಗತ್ಯ, ಹಿಂದಿಯಲ್ಲಿ ಅವಕಾಶ.

ಉಚ್ಚಾರಣೆಯಲ್ಲೂ ಸಣ್ಣ ವ್ಯತ್ಯಾಸವಿದೆ. ಸ್ವೀಡನ್, ನಾರ್ವೆಗಳಲ್ಲಿ ಮೊದಲ ಸ್ವರ ‘ರೂ’, ಡೆನ್ಮಾರ್ಕಿನಲ್ಲಿ ‘ರೋ’. ಕೊನೆಯ ‘ಗ್’ ಬರವಣಿಗೆಯಲ್ಲಿ ಇದ್ದರೂ ಆಡುಮಾತಿನಲ್ಲಿ ಸಾಮಾನ್ಯವಾಗಿ ಕೇಳಿಸುವುದಿಲ್ಲ. ನಪುಂಸಕ ನಾಮಪದದ ಜೊತೆ ಸ್ವೀಡಿಷ್ ಮತ್ತು ಡೇನಿಷ್‌ನಲ್ಲಿ ಕೊನೆಗೆ ‘ಟ್’ ಸೇರಬೇಕು. ನಾರ್ವೇಜಿಯನ್‌ನಲ್ಲಿ ‘ಇಗ್’ ಎಂದು ಮುಗಿಯುವ ಗುಣವಾಚಕಕ್ಕೆ ಸೇರಿಸುವಂತಿಲ್ಲ. ಸ್ವೀಡಿಷ್ ಕಲಿತು ನಾರ್ವೆಯ ಓಸ್ಲೋಗೆ ಬಂದವರ ಇಮೇಲ್‌ನಲ್ಲಿ ಈ ಹೆಚ್ಚುವರಿ ‘ಟ್’ ಸುಲಭವಾಗಿ ನುಸುಳುತ್ತದೆ.

ಬಾಡಿಗೆ ಮನೆ ಹುಡುಕುವಾಗ ಈ ಪದ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ನಾರ್ವೆಯ ಜಾಹೀರಾತಿನಲ್ಲಿ ‘ರೂಲಿಗ್’ ಬೀದಿ ಎಂದಿದ್ದರೆ ವಾಹನದ ಸದ್ದಿಲ್ಲದ ಜಾಗ. ಅದನ್ನೇ ಸ್ವೀಡನ್ನಿನಲ್ಲಿ ‘ಲುಂಗ್ನ್’ ಎನ್ನುತ್ತಾರೆ. ಅಲ್ಲಿ ‘ರೂಲಿಗ್’ ಮನೆ ಎಂದರೆ ತಮಾಷೆಯ ಮನೆಯಾದೀತು. ‘ನಿಧಾನ, ಗಾಬರಿಯಾಗಬೇಡಿ’ ಎನ್ನಲು ನಾರ್ವೆಯವರು ‘ತಾ ದೆ ರೂಲಿ’ ಎಂದರೆ, ಸ್ವೀಡಿಷರು ‘ತಾ ದೆ ಲುಂಗ್ನ್ಟ್’ ಎನ್ನುತ್ತಾರೆ. ಮೋಜಿಗೆ ನಾರ್ವೆಯಲ್ಲಿ ‘ಗೊಯ್’, ಡೆನ್ಮಾರ್ಕಿನಲ್ಲಿ ‘ಶೌ’. ಸ್ವೀಡನ್ನಿನಲ್ಲಿ ‘ರೂಲಿಗ್’ ಜೊತೆಗೆ ಆಡುಮಾತಿನ ‘ಕ್ಯೂಲ್’ ಕೂಡ ಇದೆ. ಹೊಸಬರ ಪರಿಚಯವಾದಾಗ ಸ್ವೀಡಿಷರು ‘ರೂಲಿಟ್’ ಎಂದರೆ ನಗಬೇಕಿಲ್ಲ, ‘ನಿಮ್ಮನ್ನು ಕಂಡು ಸಂತೋಷ’ ಎಂದಷ್ಟೇ ಅರ್ಥ.

ಹಳೆಯ ಅರ್ಥ ಸ್ವೀಡಿಷ್‌ನಿಂದ ಪೂರ್ತಿ ಹೋಗಿಲ್ಲ. ‘ಲುಂಗ್ನ್ ಓ ರೂ’ ಎಂಬ ಜೋಡಿ ಮಾತಿನಲ್ಲಿ ‘ರೂ’ ಇಂದಿಗೂ ನೆಮ್ಮದಿಯೇ. ಅದಕ್ಕಿಂತ ಸ್ಪಷ್ಟವಾಗಿ ಕಾಣುವುದು ವಿರುದ್ಧ ಪದದಲ್ಲಿ: ‘ಊರೂಲಿಗ್’ ಎಂದರೆ ಮೋಜಿಲ್ಲದ್ದು ಅಲ್ಲ, ಆತಂಕಗೊಂಡ ಎಂದು. ‘ಮೋಜಿಲ್ಲ’ ಎನ್ನಬೇಕಾದರೆ ‘ಇಂತೆ ರೂಲಿಗ್’ ಎಂದು ಬಿಡಿಸಿಯೇ ಹೇಳಬೇಕು. ಡೇನಿಷ್, ನಾರ್ವೇಜಿಯನ್‌ನಲ್ಲಿ ಬರೆಯುವಾಗ ಮೊದಲಕ್ಷರ ‘o’ ಬದಲು ‘u’ ಆಗಿ, ಅರ್ಥ ಚಡಪಡಿಕೆಯ ಕಡೆ ವಾಲುತ್ತದೆ. ಅಲ್ಲಿ ಚಿಂತೆಗೆ ‘ಬೆಕಿಮ್ರೆಟ್’ ಎನ್ನುವುದೇ ಸಲೀಸು.

ಸ್ವೀಡಿಷ್‌ನ ‘ಊರೂಲಿಗ್’ ಎಂಬ ಈ ಒಂದು ರೂಪವನ್ನಂತೂ ಬಾಯಿಪಾಠ ಮಾಡಿಕೊಳ್ಳಿ. ಮಗುವಿಗೆ ಜ್ವರ ಬಂದು ಸ್ವೀಡನ್ನಿನ ಆರೋಗ್ಯ ಸಲಹೆಯ ಸಂಖ್ಯೆ 1177ಕ್ಕೆ ಕರೆ ಮಾಡಿದಾಗ ‘ಯಾ ಎ ಊರೂಲಿಗ್’ ಎಂದರೆ ನಿಮಗೆ ಆತಂಕವಾಗಿದೆ ಎಂದು ನರ್ಸ್‌ಗೆ ಕೂಡಲೇ ತಿಳಿಯುತ್ತದೆ. ಮೊದಲ ‘ಊ’ ಎಳೆದು, ಒತ್ತಿ ಹೇಳಿ. ಅದು ನುಂಗಿಹೋದರೆ ಉಳಿಯುವುದು ‘ನಾನು ತಮಾಷೆಯ ಮನುಷ್ಯ’.