ಗೋಡೌನ್ ಗೋಡೆ ಮೇಲೆ ತಲೆಕೆಳಗಾದ ಕಣ

ಸೋಮವಾರಪೇಟೆಯ ತೋಟದಲ್ಲಿ, ಬಾಗಿಲು ಹಾಕಿದ ಗೋಡೌನಿನೊಳಗೆ ಕಾಫಿ ಚೀಲ ಎಣಿಸುತ್ತಿದ್ದೆ. ಕರೆಂಟ್ ಹೋಯಿತು. ಬಾಗಿಲಲ್ಲಿ ಮೊಳೆ ಕಿತ್ತುಹೋದ ಒಂದು ತೂತು, ಹೊರಗಿನ ಬೆಳಕು ಒಳಬರಲು ಅದೊಂದೇ ದಾರಿ. ಎದುರು ಗೋಡೆ ನೋಡಿದರೆ ಸಿಲ್ವರ್ ಓಕ್ ಮರ ತಲೆಕೆಳಗೆ ನಿಂತಿದೆ! ಕಣದಲ್ಲಿ ಕಾಫಿ ಹರಡುತ್ತಿದ್ದ ಅಕ್ಕನೂ ತಲೆಕೆಳಗೇ ಓಡಾಡುತ್ತಿದ್ದಾರೆ. ಎಣಿಕೆ ತಪ್ಪಿತು, ಬಿಡಿ.

ನಮ್ಮ ಕಣ್ಣೊಳಗೂ ಚಿತ್ರ ಹೀಗೇ ಬೀಳುತ್ತದೆ ಅಂತ 1604ರಲ್ಲೇ ಕೆಪ್ಲರ್ ಬರೆದಿದ್ದ. ಅದೇ, ಗ್ರಹಗಳ ಲೆಕ್ಕದ ಕೆಪ್ಲರ್. ಆಮೇಲೆ ಶೈನರ್ ಎಂಬ ಪಾದ್ರಿ ಎತ್ತಿನ ಕಣ್ಣಿನ ಹಿಂಬದಿ ಪದರ ಸುಲಿದು ಆ ಚಿತ್ರವನ್ನು ಕಣ್ಣಾರೆ ನೋಡಿದ. ಹಾಗಾದ್ರೆ ಲೋಕ ನಮಗೆ ನೆಟ್ಟಗೆ ಕಾಣೋದು ಹೇಗೆ? ಆ ತಲೆನೋವನ್ನು ಕೆಪ್ಲರ್ ಜಾಣತನದಿಂದ ಬೇರೆಯವರಿಗೆ ಬಿಟ್ಟ.

"ಕತ್ತಲಲ್ಲಿ ಏನ್ ಮಾಡ್ತಿದ್ದೀರಿ ಅಣ್ಣಾ?" ಅಂತ ಅಕ್ಕ ಬಾಗಿಲು ತೆಗೆದರು. ಗೋಡೆ ಮೇಲಿನ ಮರ ಮಾಯ.